ಕ್ರಿಯೇಟ್ ಕೊಡುವ ಮೊದಲು ಸ್ವಲ್ಪ ನಿಲ್ಲಿ

ನಿಮ್ಮ ಬರಹದಲ್ಲಿ 'ರೇಡ್ 5 ಕೆಟ್ಟರೆ ಕ್ರಿಯೇಟ್ ಕೊಟ್ಟು ಮತ್ತೆ ಕಟ್ಟಿ' ಅಂತ ಬರೆದಿದ್ದೀರಿ. ರೇಡ್ 5 ಅಂದರೆ ಹಲವು ಡಿಸ್ಕ್‌ಗಳನ್ನು ಒಂದಾಗಿ ಜೋಡಿಸುವ ವಿಧಾನ, ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುತ್ತದೆ. ಕ್ರಿಯೇಟ್ ಅಂದರೆ ಆ ಜೋಡಣೆಯನ್ನು ಹೊಸದಾಗಿ ಕಟ್ಟುವ ಆದೇಶ, ಲಿನಕ್ಸ್‌ನ ಎಂಡಿಎಡಿಎಂ ತಂತ್ರಾಂಶದ್ದು. ಆ ಸಾಲು ತೆಗೆಯಿರಿ ಸಾರ್. ಡಿಸ್ಕ್‌ಗಳ ಕ್ರಮವೋ ಚಂಕ್ ಗಾತ್ರವೋ (ಒಂದೊಂದು ಡಿಸ್ಕ್‌ಗೆ ಹಂಚುವ ಡೇಟಾ ತುಂಡಿನ ಅಳತೆ) ತಪ್ಪಿದರೆ ಉಳಿದದ್ದೂ ಹೋಗುತ್ತದೆ.

ಉಡುಪಿಯಲ್ಲಿ ನಮ್ಮದು ಫೋಟೋ ಸ್ಟುಡಿಯೋ. ಮಳೆಗಾಲದಲ್ಲಿ ಒಂದು ದಿನ ನಾಲ್ಕರಲ್ಲಿ ಎರಡು ಡಿಸ್ಕ್ ಅರೇಯಿಂದ, ಅಂದರೆ ಆ ಜೋಡಣೆಯಿಂದ, ಹೊರಬಿದ್ದವು. ಒಂದರಿಂದ ಟಕ್ ಟಕ್ ಶಬ್ದ, ಅದರ ಆಸೆ ಬಿಟ್ಟೆವು. ಇನ್ನೊಂದು ಸತ್ತೇ ಇರಲಿಲ್ಲ. ಡಿಸ್ಕ್‌ಗೆ ಸಿಕ್ಕಿಸುವ ಸಾಟಾ ಕೇಬಲ್ ತುದಿಗೆ ಕಿಲುಬು ಹಿಡಿದಿತ್ತು ಅಷ್ಟೇ. ನಮ್ಮ ಕಡಲ ಗಾಳಿ ಗೊತ್ತಲ್ವಾ!

ಕೇಬಲ್ ಬದಲಿಸಿ, ಉಳಿದ ಮೂರೂ ಡಿಸ್ಕ್‌ಗಳನ್ನು ಡಿಡಿರೆಸ್ಕ್ಯೂ ಎಂಬ ನಕಲು ತಂತ್ರಾಂಶದಲ್ಲಿ ಬೇರೆ ಡಿಸ್ಕ್‌ಗಳಿಗೆ ನಕಲು ಮಾಡಿದೆವು. ಎಂಡಿಎಡಿಎಂನ ಎಕ್ಸಾಮಿನ್ ಆದೇಶದಲ್ಲಿ ನೋಡಿದರೆ ಈವೆಂಟ್ ಸಂಖ್ಯೆಯಲ್ಲಿ (ಅರೇ ಬದಲಾದಂತೆ ಏರುವ ಎಣಿಕೆ) ಸ್ವಲ್ಪವೇ ವ್ಯತ್ಯಾಸ, ಅಂದರೆ ಡಿಸ್ಕ್‌ಗಳು ಹೆಚ್ಚುಕಡಿಮೆ ಒಂದೇ ಹಂತದಲ್ಲಿದ್ದವು. ನಕಲುಗಳ ಮೇಲೆ ಅಸೆಂಬಲ್ ಫೋರ್ಸ್ ಕೊಟ್ಟು (ಆ ಸಣ್ಣ ವ್ಯತ್ಯಾಸ ಬಿಟ್ಟು, ಇದ್ದ ಅರೇಯನ್ನೇ ಮತ್ತೆ ಜೋಡಿಸುವ ಆದೇಶ), ರೀಡ್ ಓನ್ಲಿಯಾಗಿ, ಅಂದರೆ ಏನೂ ಬರೆಯದೆ ಓದಲು ಮಾತ್ರ, ಮೌಂಟ್ ಮಾಡಿ ತೆರೆದೆವು. ಮದುವೆ ಫೋಟೋಗಳೆಲ್ಲ ಸಿಕ್ಕವು. ಬ್ಯಾಕಪ್ ಇರಲಿಲ್ವಾ ಅಂತ ಮಾತ್ರ ಕೇಳಬೇಡಿ.