ನನ್ನ ಬಣ್ಣಕ್ಕೆ ರಿಪೇರಿ ಬೇಕಾಗಿಲ್ಲ

ಇವತ್ತು ಸಂಜೆ ನಮ್ಮ ರಾಯಚೂರಿನ ತೀನ್ ಕಂದೀಲ್ ಹತ್ತಿರ ಒಂದು ಫೋಟೋ ಸ್ಟುಡಿಯೋಗೆ ಹೋಗಿದ್ದೆ. ಇಲಾಖೆಯ ಅರ್ಜಿಯೊಂದಕ್ಕೆ ಪಾಸ್‌ಪೋರ್ಟ್ ಸೈಜ್ ಫೋಟೋ ಬೇಕಿತ್ತು. ಹುಡುಗ ಕ್ಲಿಕ್ ಮಾಡಿದ, ಕಂಪ್ಯೂಟರ್ ಮುಂದೆ ಕೂತ, ಪ್ರಿಂಟ್ ಕೊಟ್ಟ. ನೋಡಿದರೆ ಯಾರೋ ಬೇರೆ ಹೆಂಗಸು! ಸೀರೆ ನನ್ನದೇ, ಕನ್ನಡಕ ನನ್ನದೇ. ಮುಖ ಮಾತ್ರ ಹಬ್ಬಕ್ಕೆ ಸುಣ್ಣ ಹೊಡೆದ ಗೋಡೆ. ಯಾಕಪ್ಪಾ ಅಂದರೆ, "ಭಾಳ ಡಿಮ್ ಬಂದಿತ್ರಿ ಮೇಡಂ, ಸ್ವಲ್ಪ ಲೈಟ್ ಮಾಡೀನಿ. ಅದಕ್ಕೇನ್ ಎಕ್ಸ್‌ಟ್ರಾ ರೊಕ್ಕ ಇಲ್ರಿ" ಅಂದ.

ಹುಡುಗ ಕೆಟ್ಟವನಲ್ಲ. ನನ್ನ ತಕರಾರೇ ಅದು. ನನ್ನ ಬಣ್ಣಕ್ಕೆ ಯಾರೂ ಮುಖದ ಮೇಲೆ ಬೈಯುವುದಿಲ್ಲ. ಎಲ್ಲರೂ ಪ್ರೀತಿಯಿಂದ ರಿಪೇರಿಗೆ ಬರುತ್ತಾರೆ.

ಚಿಕ್ಕವಳಿದ್ದಾಗ ಅಜ್ಜಿಯ ಕಡಲೆಹಿಟ್ಟು, ಅರಿಶಿನ. ಆಮೇಲೆ ಅತ್ತೆ ತಂದುಕೊಟ್ಟ ಟ್ಯೂಬು. "ಬಿಸಿಲಾಗ ಆಡಬ್ಯಾಡ, ಕರ್ರಗಾಗ್ತಿ" ಅಂತ ದಿನಾ ಒಂದು ಕೂಗು. ರಾಯಚೂರಿನಲ್ಲಿ ಬಿಸಿಲು ಬಿಟ್ಟು ಇನ್ನೆಲ್ಲಿ ಆಡೋದು? ಏಪ್ರಿಲ್ ಬಂದರೆ 40 ಡಿಗ್ರಿ ದಾಟುವ ಊರು ಇದು. ಚರ್ಮಕ್ಕೆ ಕಪ್ಪು ಬಣ್ಣ ಕೊಡುವ ಮೆಲನಿನ್ ಜಾಸ್ತಿ ಇದ್ದಷ್ಟೂ ಬಿಸಿಲಿನ ಪೆಟ್ಟು ಕಡಿಮೆ ಅಂತ ಮಕ್ಕಳಿಗೆ ನಾನೇ ವಿಜ್ಞಾನ ಪಾಠ ಮಾಡುತ್ತೇನೆ. ಅಂದರೆ ಈ ಊರಿಗೆ ಹೇಳಿ ಮಾಡಿಸಿದ ಚರ್ಮ ನನ್ನದು. ಕೆಟ್ಟಿದ್ದರೆ ತಾನೇ ರಿಪೇರಿ?

ಕೆಲವು ರಿಪೇರಿ ಫ್ರೀ ಅಲ್ಲ. ಕಾಕಾನ ಮಗಳು ಮದುವೆ ಮಾತುಕತೆ ಶುರುವಾದಾಗ ಮೆಡಿಕಲ್ ಶಾಪಿನವರು ಕೊಟ್ಟ ಕ್ರೀಮು ಹಚ್ಚಿದಳು. ಮೊದಮೊದಲು ಮುಖ ತಿಳಿಯಾಯಿತು. "ಎಷ್ಟ್ ಕೆಂಪಗಾಗ್ಯಾಳ" ಅಂತ ಎಲ್ಲರಿಗೂ ಖುಷಿ. ಆಮೇಲೆ ನಿಜವಾಗಿಯೂ ಕೆಂಪಾಯಿತು. ಉರಿ, ಗುಳ್ಳೆ, ಗಲ್ಲದ ಮೇಲೆ ಕೂದಲು. ಕ್ರೀಮು ಬಿಟ್ಟರೆ ಉರಿ ಇನ್ನೂ ಜಾಸ್ತಿ. ಅದರಲ್ಲಿದ್ದದ್ದು ಸ್ಟಿರಾಯ್ಡ್. ಇಂಥ 14 ಬಗೆಯ ಸ್ಟಿರಾಯ್ಡ್ ಮುಲಾಮುಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಅಂತ ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಮಾಡಿದೆ. ನಿಯಮ ದೆಹಲಿಯಲ್ಲಿದೆ, ಟ್ಯೂಬು ಇಲ್ಲಿ ಕೌಂಟರ್ ಮೇಲಿದೆ.

ಒಂದು ಮಾತು ಹೇಳಿಬಿಡುತ್ತೇನೆ. ಈ ವಿಷಯದಲ್ಲಿ ನನಗೆ ಸ್ವಂತ ಅಣ್ಣನ ಮೇಲೆ ಹೊಟ್ಟೆಕಿಚ್ಚಿತ್ತು. ಅವನು ನನಗಿಂತ ಕಪ್ಪು. ಅವನಿಗೆ ಯಾರೂ ಕಡಲೆಹಿಟ್ಟು ಹಚ್ಚಲಿಲ್ಲ. ಹೆಣ್ಣು ನೋಡಲು ಹೋಗಿ ಬಂದು, "ಹುಡುಗಿ ಸ್ವಲ್ಪ ಕಪ್ಪು, ಬ್ಯಾಡ" ಅಂದ. ನನ್ನ ಎದುರೇ ಅಂದ. ಆ ರಾತ್ರಿ ನಾನು ಊಟ ಮಾಡಲಿಲ್ಲ. ಯಾಕೆ ಅಂತ ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ.

ನಮ್ಮ ಶಾಲೆಗಳನ್ನೇ ನೋಡಿ. ಅತಿಥಿಗಳು ಬರುತ್ತಾರೆ ಅಂದರೆ ಹೂಗುಚ್ಛ ಕೊಡಲು, ಆರತಿ ತಟ್ಟೆ ಹಿಡಿಯಲು ಯಾವ ಹುಡುಗಿಯರನ್ನು ಆರಿಸುತ್ತಾರೆ ಅಂತ ಗಮನಿಸಿದ್ದೀರಾ? ಕಪ್ಪಗಿರುವ ಹುಡುಗಿಯರಿಗೆ ಕುರ್ಚಿ ಜೋಡಿಸುವ ಕೆಲಸ. ಈ ಸಲ ಹಾಜರಿ ಪುಸ್ತಕ ತೆಗೆದು ಮೊದಲ ನಾಲ್ಕು ಹೆಸರು ಕರೆಯಿರಿ ಅಂದೆ. "ಮೇಡಂ ಎಲ್ಲಾದ್ರಾಗೂ ಕಡ್ಡಿ ಆಡಿಸ್ತಾರ" ಅಂತ ಸ್ಟಾಫ್ ರೂಮಿನಲ್ಲಿ ಹೆಸರು ಬಂತು. ಬರಲಿ.

2020ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಪೊಲೀಸರು ಕಪ್ಪು ವರ್ಣದ ಜಾರ್ಜ್ ಫ್ಲಾಯ್ಡ್ ಅವರನ್ನು ಕೊಂದಾಗ ನಮ್ಮ ಊರಿನವರೂ ಸ್ಟೇಟಸ್ ಹಾಕಿದ್ದರು. ಒಳ್ಳೆಯದೇ. ಆ ಗಲಾಟೆಯಲ್ಲೇ ಒಂದು ದೊಡ್ಡ ಮದುವೆ ವೆಬ್‌ಸೈಟು ಮೈಬಣ್ಣ ನೋಡಿ ಸಂಬಂಧ ಹುಡುಕುವ ಫಿಲ್ಟರ್ ತೆಗೆಯಿತು. 1975ರಿಂದ ಮಾರುತ್ತಿದ್ದ ಫೇರ್ ಅಂಡ್ ಲವ್ಲಿ, ಗ್ಲೋ ಅಂಡ್ ಲವ್ಲಿ ಆಯಿತು. ಸ್ಟೇಟಸ್ ಹಾಕಿದವರ ಮನೆಯ ಬಯೋಡೇಟಾದಲ್ಲಿ ಮಾತ್ರ ಇನ್ನೂ "ಬಣ್ಣ: ಕೆಂಪು" ಅಂತಲೇ ಇದೆ.

"ಇಷ್ಟ ಅವರವರದು, ಅದನ್ನ್ಯಾಕೆ ಭೇದಭಾವ ಅಂತೀರಿ?" ಅನ್ನುವವರಿದ್ದಾರೆ. ಇಷ್ಟವೇ ಆಗಿದ್ದರೆ ಹತ್ತರಲ್ಲಿ ನಾಲ್ಕು ಜನರಿಗಾದರೂ ಕಪ್ಪು ಇಷ್ಟ ಆಗಬೇಕಿತ್ತು, ಅಲ್ವಾ? ಹುಡುಗಿ ಕಪ್ಪು ಅಂದ ಕೂಡಲೇ "ಇನ್ನೆರಡು ತೊಲಿ ಬಂಗಾರ ಹಾಕ್ರಿ" ಅನ್ನುತ್ತಾರಲ್ಲ, ಅದು ಇಷ್ಟನಾ, ದಂಡನಾ? ಮತ್ತೆ, ಹೊಸದಾಗಿ ಬಾಡಿಗೆಗೆ ಮನೆ ಕೇಳಲು ಹೋದಾಗ ಮುಖ ನೋಡಿ, ಸ್ವಲ್ಪ ತಡೆದು, "ನೀವು ಯಾವ ಪೈಕಿ?" ಅಂತ ಕೇಳುತ್ತಾರೆ. ಬಣ್ಣ ನೋಡಿಯೇ ಜಾತಿ ಅಳೆದಿರುತ್ತಾರೆ. ಬಿಸಿಲಲ್ಲಿ ಭತ್ತ ನಾಟಿ ಮಾಡುವವರ, ಹತ್ತಿ ಬಿಡಿಸುವವರ ಬಣ್ಣ ಅವರಿಗೆ ಬೇಡ. ಅಕ್ಕಿ, ಹತ್ತಿ ಬೇಕು.

"ಕೃಷ್ಣ ಕಪ್ಪಲ್ಲೇನು, ವಿಠಲ ಕಪ್ಪಲ್ಲೇನು" ಅಂತ ಸಮಾಧಾನ ಹೇಳುವವರ ಮೇಲಂತೂ ಸಿಟ್ಟು ಜಾಸ್ತಿ. ಪಂಢರಪುರಕ್ಕೆ ಹೋಗಿ ಕಪ್ಪು ವಿಠಲನ ಪಾದಕ್ಕೆ ತಲೆ ಇಟ್ಟು ಬಂದು, ಮಗನಿಗೆ ಕೆಂಪು ಸೊಸೆ ಹುಡುಕುವ ಜನ ನಾವು. ಕೃಷ್ಣ ಯಾವತ್ತೂ ಗಂಡಿನ ಕಡೆಯವರ ಮುಂದೆ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿಲ್ಲ. ಅಷ್ಟಾಗಿಯೂ ಕ್ಯಾಲೆಂಡರಿನವರು ಅವನನ್ನು ಬಿಡಲಿಲ್ಲ. ನೀಲಿ ಮಾಡಿದರು.

ಈಗ ಕೆಳಗೆ ಯಾರಾದರೂ "ಇಲ್ರಿ, ನೀವೇನ್ ಅಷ್ಟ್ ಕಪ್ಪಿಲ್ಲ" ಅಂತ ಬರೆದೇ ಬರೆಯುತ್ತೀರಿ. ಕಪ್ಪೇ ಇದ್ದೇನೆ. ಮೊಸರು, ನಿಂಬೆಹಣ್ಣು ಅಂತ ಮನೆಮದ್ದು ಬರೆದವರನ್ನು, ಸಂಬಂಧಿಕರಾದರೂ ಸರಿ, ಬ್ಲಾಕ್ ಮಾಡುತ್ತೇನೆ. ಹೋದ ಸಲ ಸೋದರಮಾವನನ್ನೇ ಮಾಡಿದ್ದೆ.