ನಿನ್ನ ಬಣ್ಣ ನನಗೆ ಕಾಣೋದೇ ಇಲ್ಲ ಅಂದಿದ್ದೆ

"ನೀನು ಸಿದ್ದಿ ಅನ್ನೋದೇ ನನಗೆ ಮರೆತುಹೋಗುತ್ತೆ ಕಣೋ. ನಿನ್ನ ಬಣ್ಣ ನನಗೆ ಕಾಣೋದೇ ಇಲ್ಲ."

ಗೆಳೆಯನಿಗೆ ಒಮ್ಮೆ ಹೀಗೆ ಹೇಳಿದ್ದೆ. ದೊಡ್ಡ ಮಾತು ಆಡಿದೆ ಅಂತ ನನಗೆ ಖುಷಿ. ಅವನು ಸುಮ್ನೆ ಟೀ ಕುಡಿದ.

ಅವನ ಊರು ಯಲ್ಲಾಪುರದ ಹತ್ತಿರ. ಸಿದ್ದಿಗಳ ಹಿರಿಯರು ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದವರು. ಬಹಳ ಮಂದಿಯನ್ನು ಪೋರ್ಚುಗೀಸರು ಗುಲಾಮರಾಗಿ ಗೋವಾಕ್ಕೆ ತಂದಿದ್ದರು. ಅಲ್ಲಿಂದ ತಪ್ಪಿಸಿಕೊಂಡವರು ಉತ್ತರ ಕನ್ನಡದ ಕಾಡು ಸೇರಿದರು. ಇವನ ಮನೆಮಾತು ಕೊಂಕಣಿ. ಕನ್ನಡ ನನಗಿಂತ ಚೆನ್ನಾಗಿದೆ. ಆದರೂ ಬೆಂಗಳೂರಿನ ಆಟೋದವರು ಅವನನ್ನು ಕಂಡ ಕೂಡಲೇ ಇಂಗ್ಲಿಷ್ ಶುರು ಮಾಡುತ್ತಾರೆ.

ಬಸ್ ಹತ್ತಿದರೆ ಸಾಕು, ಅವನು ಯಾರಿಗಾದರೂ ಫೋನ್ ಮಾಡಿ ಜೋರಾಗಿ ಕನ್ನಡದಲ್ಲಿ ಮಾತಾಡುತ್ತಿದ್ದ. ಮೆಲ್ಲಗೆ ಮಾತಾಡೋ, ಕಿವಿ ತೂತಾಗುತ್ತೆ ಅಂತ ಎಷ್ಟು ಸಲ ರೇಗಿಸಿದ್ದೇನೋ. ಸುತ್ತ ಇದ್ದವರಿಗೆ ಕೇಳಲಿ ಅಂತಲೇ ಮಾತಾಡುತ್ತಿದ್ದ ಅನ್ನೋದು ವರ್ಷಗಟ್ಟಲೆ ಹೊಳೆಯಲೇ ಇಲ್ಲ. ಆಧಾರ್ ಕಾರ್ಡ್ ಕೂಡ ಪರ್ಸಿನಲ್ಲಿ ಅಲ್ಲ, ಅಂಗಿಯ ಮೇಲಿನ ಜೇಬಿನಲ್ಲೇ.

ಬಾಡಿಗೆ ಮನೆ ನೋಡಲು ಜೊತೆಗೆ ಹೋಗಿದ್ದೆ. ಓನರ್ ಮಾತಾಡಿದ್ದೆಲ್ಲ ನನ್ನ ಹತ್ತಿರ. "ಇವರು ಯಾವ ದೇಶದವರು?"

"ಯಲ್ಲಾಪುರ, ಸಾರ್" ಅಂದ ಇವನು.

ಸಂಜೆ ಫೋನ್ ಮಾಡ್ತೀನಿ ಅಂದರು. ಮಾಡಲಿಲ್ಲ. ನಾನೇನಂದೆ ಗೊತ್ತಾ? "ಬ್ಯಾಚುಲರ್ ಅಂತ ಬೇಡ ಅಂದಿರಬೇಕು ಬಿಡು." ಬಣ್ಣ ಕಾಣಲ್ಲ ಅಂತ ಹಟ ಹಿಡಿದರೆ ಹೀಗೇ ಆಗೋದು. ಕಣ್ಣೆದುರಿನ ಕಾರಣ ಬಿಟ್ಟು ಬೇರೆ ಏನೋ ಹುಡುಕಬೇಕಾಗುತ್ತೆ. ಅವನು ಅವಮಾನ ನುಂಗಿದ್ದಲ್ಲದೆ ನನ್ನ ಸಮಾಧಾನವನ್ನೂ ನುಂಗಬೇಕು.

ಅಷ್ಟಕ್ಕೂ ಬಣ್ಣ ಕಾಣದ ಜನರಾ ನಾವು? ಹೆಣ್ಣು ನೋಡಲು ಹೊರಟರೆ ಎಣ್ಣೆಗೆಂಪು, ಗೋಧಿ ಬಣ್ಣ, "ಕಪ್ಪಾದರೂ ಲಕ್ಷಣವಾಗಿದ್ದಾಳೆ". ಆ "ಆದರೂ" ನಮ್ಮನೆಯಲ್ಲೂ ಕೇಳಿದ್ದೇನೆ.

ಎಲ್ಲರೂ ಒಂದೇ ಅಂದುಕೊಂಡು ಸರ್ಕಾರ ಕೂತಿದ್ದರೆ 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರುತ್ತಿರಲಿಲ್ಲ. ಇವರು ಬೇರೆ, ಇವರಿಗೆ ಆಗಿರೋ ಅನ್ಯಾಯವೂ ಬೇರೆ ಅಂತ ಯಾರೋ ಕಣ್ಣುಬಿಟ್ಟು ನೋಡಿದ್ದರಿಂದ ಅದಾಯಿತು.

2016ರ ಜನವರಿ 31. ಹೆಸರಘಟ್ಟ ರಸ್ತೆ ಕಡೆ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಗುದ್ದಿ ಒಬ್ಬ ಹೆಂಗಸು ಸತ್ತರು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ಹುಡುಗಿಗೆ ಜನ ಹೊಡೆದರು, ಕಾರು ಸುಟ್ಟರು. ಅವಳಿಗೂ ಆ ಅಪಘಾತಕ್ಕೂ ಏನೂ ಸಂಬಂಧ ಇರಲಿಲ್ಲ. ದೇಶವೂ ಬೇರೆ. ಗುಂಪಿಗೆ ಕಂಡಿದ್ದು ಚರ್ಮ ಮಾತ್ರ.

ಆ ವಾರ ನನ್ನ ಗೆಳೆಯ ಆಫೀಸಿಗೆ ಬರಲಿಲ್ಲ. ಜ್ವರ ಅಂದಿದ್ದ. ಮೊನ್ನೆ, ಇಷ್ಟು ವರ್ಷ ಆದಮೇಲೆ, ನಿಜವಾಗಲೂ ಜ್ವರ ಇತ್ತೇನೋ ಅಂತ ಕೇಳಿದೆ.

ನಕ್ಕ. "ನೀನು ಮಾತ್ರೆ ಹೆಸರು ಹೇಳಿದ್ದೆ ಮಾರಾಯಾ" ಅಂದ.