ಅರ್ಧ ಆಗೈತಿ, ಅರ್ಥ ಆಗಿಲ್ಲ

ಆಸ್ತಿ ದಾಖಲೆಯ ಉತಾರ ತೆಗೆಸಲು ಧಾರವಾಡದ ಕಚೇರಿಯೊಂದಕ್ಕೆ ಹೋಗಿದ್ದೆ. ಯಾವ ಕಚೇರಿ ಅಂತ ಕೇಳಬೇಡಿ, ಉತಾರ ಇನ್ನೂ ಕೈಗೆ ಬಂದಿಲ್ಲ. ಹೊರಗೆ ಆಷಾಢದ ಜಿಟಿಜಿಟಿ, ಒಳಗೂ ಅದೇ. ಸಾಲು ನಿಲ್ಲುವ ಜಾಗದಲ್ಲಿ ಮೂರು ಬಕೆಟ್, ಒಂದು ಕೊಳಗ, ಮತ್ತೆ ಯಾರದೋ ಮನೆಯ ಪಾತೇಲಿ.

"ಅಲ್ಲೆ ನಿಂದರಬ್ಯಾಡ್ರಿ ಸರ, ಅದು ಸೋರೋ ಜಾಗಾ," ಅಂದ ಜವಾನ.

"ಹೋದ ವರ್ಷನ ರಿಪೇರಿ ಹಚ್ಚಿದ್ರಲ್ಲೋ ತಮ್ಮಾ?"

"ಅರ್ಧ ಆಗೈತ್ರಿ. ಉಳಿದ ಅರ್ಧ ಅರ್ಥ ಆಗಿಲ್ರಿ."

ಅವನು ಚಾಷ್ಟಿ ಮಾಡಿದ್ದಲ್ಲ. ಇಡೀ ಕಡತದ ಸಾರಾಂಶ ಹೇಳಿದ್ದ.

ಕಟ್ಟಡ ಬ್ರಿಟಿಷರ ಕಾಲದ್ದು, ಮೇಲೆ ಮಂಗಳೂರು ಹೆಂಚು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆಗೆದರು. ಅದೇ ಮಿಷನ್ನಿನ ಕಿಟೆಲ್ ಸಾಹೇಬರು 1894ರಲ್ಲಿ ನಿಘಂಟು ಕೊಟ್ಟರು. ಹೆಂಚೂ ಅವರದೇ, ನಿಘಂಟೂ ಅವರದೇ. ಈಗ ಈ ಕಚೇರಿಗೆ ಎರಡೂ ಒಟ್ಟಿಗೆ ಬೇಕಾಗಿವೆ. ಯಾಕೆಂದರೆ ಒಪ್ಪಂದದಲ್ಲಿ ಹೀಗೆ ಬರೆದಿದೆ: 'ಒಡೆದ ಹೆಂಚುಗಳನ್ನು ತೆಗೆದು ಹೊಸ ಹೆಂಚು ಹೊದಿಸಿ ಛಾವಣಿಯನ್ನು ಸುಸ್ಥಿತಿಗೆ ತರತಕ್ಕದ್ದು.'

ಗುತ್ತಿಗೆದಾರ ಮಾಡು ಹತ್ತಿ ನೋಡಿದ. ಎರಡು ತುಂಡಾದ ಹೆಂಚುಗಳನ್ನು ಬದಲಿಸಿ ಕೆಳಗಿಳಿದ. ಮಳೆ ಬಂತು, ಸೋರಿತು. ಎಂಜಿನಿಯರು ಕರೆಸಿದರು.

"ಏನ್ರಿ ಇದು, ಬಿರಕ ಬಿಟ್ಟ ಹೆಂಚು ಹಂಗ ಬಿಟ್ಟೀರಲ್ಲ?"

"ಸಾಹೇಬ್ರ, ಒಡದದ್ದು ತಗೀರಿ ಅಂದೀರಿ. ಇದು ಸೀಳೈತಿ, ಒಡದಿಲ್ಲ. ಸೀಳಿದ್ದಕ್ಕ ಬ್ಯಾರೆ ರೇಟ್ ಆಗತೈತ್ರಿ. ಎಕ್ಸ್‌ಟ್ರಾ ಐಟಂ."

"ಸುಸ್ಥಿತಿಗೆ ತರತಕ್ಕದ್ದು ಅಂತ ಐತಲ್ಲ?"

"ತಂದೀನ್ರಿ. ಮದಲಕ್ಕಿಂತ ಸುಸ್ಥಿತಿ ಐತಿ. ಮದಲ ಏಳು ಕಡೆ ಸೋರತಿತ್ತು, ಈಗ ಐದು."

ಅಲ್ಲಿಗೆ ಎರಡೂ ಕಡೆಯಿಂದ ಪತ್ರ ಶುರು. ಒಡೆಯುವುದೆಂದರೇನು? ಸೀಳು ಎಷ್ಟು ಉದ್ದವಾದರೆ ಒಡಕು? ನಡುವೆ ಮುದುಕ ಮೇಸ್ತ್ರಿಯೊಬ್ಬ, "ಬೆರಳ್ಲೆ ಬಡದು ನೋಡ್ರಿ, ಟಣ್ ಅಂದ್ರ ಚಲೋ, ಡಬ್ ಅಂದ್ರ ಹೋತು" ಅಂದನಂತೆ. ಒಪ್ಪಂದಕ್ಕೆ ಮೇಸ್ತ್ರಿಯ ಸಹಿ ಇಲ್ಲದ್ದರಿಂದ ಅವನ ಬೆರಳನ್ನು ಪರಿಗಣಿಸಲಿಲ್ಲ.

ಹೆಂಚು ತೆಗೆದಲ್ಲಿ ಇನ್ನೊಂದು ಕಥೆ ಹೊರಬಿತ್ತು. ಕೆಳಗಿನ ಜಂತಿಯನ್ನು ಒರಲಿ ತಿಂದುಹಾಕಿತ್ತು. ಹಳೇ ಕಟ್ಟಡದ ರಿಪೇರಿಯಲ್ಲಿ ನಿಜವಾದ ಜಗಳ ಇರುವುದೇ ಇಲ್ಲಿ: ಬಿಚ್ಚುವ ತನಕ ಒಳಗೇನಿದೆ ಯಾರಿಗೂ ಗೊತ್ತಿರುವುದಿಲ್ಲ, ಆದರೆ ರೇಟು ಮಾತ್ರ ಬಿಚ್ಚುವ ಮೊದಲೇ ಬರೆಯಬೇಕು. ಇದಕ್ಕೆ ಒಪ್ಪಂದದ ಬಳಿ ಒಂದು ಮಂತ್ರವಿದೆ. ಟೆಂಡರು ಹಾಕಿದವನು ಸ್ಥಳವನ್ನು ಕೂಲಂಕಷವಾಗಿ ನೋಡಿದ್ದಾನೆ 'ಎಂದು ಭಾವಿಸತಕ್ಕದ್ದು'. ಮುಚ್ಚಿದ ಛಾವಣಿಯೊಳಗಿನ ಹುಳವನ್ನು ಅವನು ಹೇಗೆ ನೋಡಿದ ಎಂದು ಕೇಳುವಂತಿಲ್ಲ, ಭಾವಿಸತಕ್ಕದ್ದು. ಗುತ್ತಿಗೆದಾರನೂ ಸುಮ್ಮನಿರಲಿಲ್ಲ: "ಹಂಗಾದ್ರ ಜಂತಿನೂ ಬದಲಿ ಆಗೈತಿ ಅಂತ ಭಾವಿಸ್ರಿ" ಅಂತ ಬರೆದು ಕಳಿಸಿದ.

ಟೆಂಡರಿನಲ್ಲಿ ಗುಟ್ಟೇನೂ ಇರಲಿಲ್ಲ ಮತ್ತೆ. ನಮ್ಮಲ್ಲಿ 1999ರ ಪಾರದರ್ಶಕ ಕಾಯ್ದೆ ಇದೆ. ಕರೆಯುವುದು, ತೆರೆಯುವುದು, ಕಡಿಮೆ ರೇಟಿನವನಿಗೆ ಕೊಡುವುದು, ಎಲ್ಲ ಬೆಳಕಿನಲ್ಲೇ. ಈಗ ಛಾವಣಿಯೂ ಪಾರದರ್ಶಕ. ತಲೆ ಎತ್ತಿದರೆ ಮೋಡ ಕಾಣುತ್ತದೆ.

ಇಷ್ಟಕ್ಕೂ ಈ ಒಪ್ಪಂದ ಯಾರ ನಡುವೆ? ಸಂವಿಧಾನದ 299ನೇ ವಿಧಿಯ ಪ್ರಕಾರ ರಾಜ್ಯ ಸರ್ಕಾರದ ಒಪ್ಪಂದ ರಾಜ್ಯಪಾಲರ ಹೆಸರಿನಲ್ಲಾಗಬೇಕು. ಅಂದರೆ ಈ ಹೆಂಚು ಬದಲಿಸಲು ಗುತ್ತಿಗೆ ಕೊಟ್ಟವರು ಕಾಗದದ ಮೇಲೆ ಸಾಕ್ಷಾತ್ ರಾಜ್ಯಪಾಲರು. ಗಾಬರಿ ಬೇಡ, ಅವರು ವೈಯಕ್ತಿಕವಾಗಿ ಹೊಣೆಯಲ್ಲ ಅಂತ ಅದೇ ವಿಧಿ ಹೇಳುತ್ತದೆ. ಸಹಿ ಹಾಕಿದ ಅಧಿಕಾರಿಯೂ ಹೊಣೆಯಲ್ಲ, ಅದನ್ನೂ ಅಲ್ಲೇ ಹೇಳಿದೆ. ಉಳಿದವರು ಜವಾನ ಮತ್ತು ಬಕೆಟ್. ಅವರ ಬಗ್ಗೆ ವಿಧಿ ಮೌನ.

ಒಂದು ಮಾತಿಗೆ ಎರಡು ಅರ್ಥ ಹೊರಟರೆ, ಬರೆದವರಿಗೆ ವಿರುದ್ಧವಾದ ಅರ್ಥವನ್ನು ಹಿಡಿಯಬೇಕು ಅಂತ ಕಾನೂನಿನಲ್ಲೊಂದು ಹಳೇ ಸೂತ್ರವಿದೆ. ಗುತ್ತಿಗೆದಾರ ಅದನ್ನೇ ಹಿಡಿದ. ಬರೆದವರು ಯಾರು ಅಂತ ಹುಡುಕಿದರೆ ಯಾರೂ ಬರೆದಿರಲಿಲ್ಲ! ಕಾರವಾರದ ಯಾವುದೋ ಕಟ್ಟಡದ ಟೆಂಡರಿನಿಂದ ಎತ್ತಿ ಅಂಟಿಸಿದ್ದು. ಹೇಗೆ ಗೊತ್ತಾಯಿತೆಂದರೆ, ಹದಿನಾಲ್ಕನೇ ಐಟಂ 'ಸಮುದ್ರದ ಉಪ್ಪುಗಾಳಿಯಿಂದ ರಕ್ಷಿಸಲು ಕಿಟಕಿಯ ಸರಳುಗಳಿಗೆ ವಿಶೇಷ ಬಣ್ಣ ಬಳಿಯುವುದು' ಅಂತಿತ್ತು. ಧಾರವಾಡದಲ್ಲಿ ಕೆಲಗೇರಿ ಕೆರೆ ಇದೆ, ಸಮುದ್ರ ಇಲ್ಲ. ಆದರೆ ಇಡೀ ಒಪ್ಪಂದದಲ್ಲಿ ತಕರಾರಿಲ್ಲದೆ ಮುಗಿದು, ಅಳತೆ ಪುಸ್ತಕಕ್ಕೆ ಏರಿ, ಬಿಲ್ಲೂ ಪಾಸಾದ ಕೆಲಸ ಅದೊಂದೇ. ಸರಳುಗಳನ್ನು ನಾನೇ ಮುಟ್ಟಿ ನೋಡಿದೆ. ಉತ್ತಮ ಬಣ್ಣ.

"ದೋಷ ಹೊಣೆಗಾರಿಕೆ ಅವಧಿ ಇರತೈತಲ್ರಿ, ಆವಾಗ ಕೆಟ್ಟದ್ದನ್ನ ಗುತ್ತಿಗೆದಾರನ ಪುಕ್ಕಟೆ ಸರಿ ಮಾಡಬೇಕಲ್ರಿ?" ಅಂತ ಗುಮಾಸ್ತರನ್ನು ಕೇಳಿದೆ. ಅವರು ಕೊಡೆ ಹಿಡಿದುಕೊಂಡೇ ಟೈಪು ಮಾಡುತ್ತಿದ್ದರು.

"ಅದು ಕೆಲಸ ಮುಗದ ಮ್ಯಾಲೆ ಶುರು ಆಗೋದ್ರಿ. ಮುಗದ ಮ್ಯಾಲೆ ಸೋರಿದ್ರ ದೋಷ. ಮುಗಿಯೂಕ್ಕಿಂತ ಮದಲ ಸೋರಿದ್ರ ಹವಾಮಾನ."

ಕೋರ್ಟಿಗೆ ಹೋಗೋಣವೆಂದರೆ ಈಗ ಅನುಕೂಲವೂ ಆಗಿದೆ. 2008ಕ್ಕಿಂತ ಮೊದಲು ಹೈಕೋರ್ಟೆಂದರೆ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಬೇಕಿತ್ತು. ಆ ವರ್ಷ ಧಾರವಾಡಕ್ಕೆ ಸಂಚಾರಿ ಪೀಠ ಬಂತು, 2013ರಿಂದ ಇಲ್ಲೇ ಕಾಯಂ ಪೀಠ. ಹೆಂಚು ಸೋರುವ ಊರಲ್ಲೇ ಅದರ ಅರ್ಥವನ್ನೂ ಕೇಳಬಹುದು. ಆದರೆ ಎರಡೂ ಕಡೆಯವರು ಅಷ್ಟು ದೂರ ಹೋಗುವವರಲ್ಲ. ಪತ್ರ ಬರೆಯುವುದರಲ್ಲೇ ಅವರಿಗೆ ಒಂದು ನೆಮ್ಮದಿ ಸಿಕ್ಕಿದೆ.

ಅಷ್ಟರ ತನಕ ಕಡತಗಳು ತೊಯ್ಯಬಾರದಲ್ಲ. ತಾತ್ಪೂರ್ತಿಕ ವ್ಯವಸ್ಥೆಯಾಗಿ ಛಾವಣಿಗೆ ತಾಡಪತ್ರಿ ಹೊದಿಸಲು ಪ್ರತ್ಯೇಕ ಕೊಟೇಶನ್ ಕರೆದಿದ್ದಾರೆ. ತಾಡಪತ್ರಿ ಬಂದೂ ಬಂದಿದೆ. ನೀಲಿ ಬಣ್ಣದ್ದು, ದಪ್ಪನೆಯದು, ಮಡಚಿದ್ದು ಮಡಚಿದಂತೆಯೇ ಬಾಗಿಲ ಪಕ್ಕ ಕೂತಿದೆ. ಉತಾರಕ್ಕೆ ಕಾಯುವವರಿಗೆ ಕೂಡಲು ಅನುಕೂಲ. ನಾನೂ ಅದರ ಮೇಲೆಯೇ ಕೂತೆ.

"ಇದನ್ಯಾಕ ಇನ್ನೂ ಹಾಸಿಲ್ಲೋ?"

ಜವಾನ ಪಾತೇಲಿ ಎತ್ತಿ ಕಿಟಕಿಯಿಂದ ನೀರು ಚೆಲ್ಲಿ ಬಂದ.

"ಹಗ್ಗ ಯಾರು ಕೊಡಬೇಕು ಅಂತ ಬರದಿಲ್ರಿ ಸರ."